ಬಿದ್ದ ಕಲ್ಲು ಯಾರದು?

ವಿಜಯಪುರದ ಕೋಟೆಗೋಡೆಯ ಮಗ್ಗುಲಲ್ಲಿ ಮುಂಜಾನೆ ನಡೆದಾಡುವವರ ಕಣ್ಣಿಗೆ ಒಂದು ಸಂಗತಿ ಸಹಜವಾಗಿ ಬೀಳುತ್ತದೆ. ಜೀರ್ಣೋದ್ಧಾರಗೊಂಡ ಭಾಗಗಳಲ್ಲಿ ಹಳೆಯ ಕಲ್ಲಿನ ಪಕ್ಕದಲ್ಲಿಯೇ ಹೊಸ ಕಲ್ಲು, ಹೊಸ ಗಾರೆ ಕಾಣುತ್ತವೆ. ಆ ಸ್ಥಾನದಲ್ಲಿ ಮೊದಲು ಇದ್ದ ಕಲ್ಲು ಎಲ್ಲಿ ಹೋಯಿತೆಂದು ಕೇಳುವವರು ವಿರಳ. ಆದರೆ ಶ್ರಾವಕನು ಕೇಳಲೇಬೇಕಾದ ಪ್ರಶ್ನೆ ಅದು.

ಒಂದನೆಯ ಅಲಿ ಆದಿಲ್‌ಶಾಹನ ಆಳ್ವಿಕೆಯಲ್ಲಿ, 1565ರಲ್ಲಿ ಪೂರ್ಣಗೊಂಡ ಈ ಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರು, ಬುರುಜುಗಳು 96. ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗವನ್ನು ವಹಿಸಿಕೊಟ್ಟದ್ದರಿಂದ ಕಟ್ಟಡದ ರೀತಿ ಎಲ್ಲೆಡೆ ಒಂದೇ ತೆರನಾಗಿಲ್ಲ. 1686ರಲ್ಲಿ ಔರಂಗಜೇಬನ ದೀರ್ಘ ಮುತ್ತಿಗೆಯ ತರುವಾಯ ನಗರವು ಶರಣಾಯಿತು. ಕಟ್ಟಿಸಿದ ರಾಜವಂಶವೇ ಅಳಿಯಿತು. ಷೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು ಇಂದು ನೋಡುವ ವಸ್ತು ಮಾತ್ರ. ಕಾಯುವ ಒಡೆಯನಿಲ್ಲದ ಗೋಡೆಯ ಕಲ್ಲು ಯಾರದೋ ಮನೆಯ ಹೊಸ್ತಿಲಾಗುವುದು, ಕೊಟ್ಟಿಗೆಯ ಪಾಯಕ್ಕೆ ಸೇರುವುದು ಹಳೆಯ ಊರುಗಳಲ್ಲೆಲ್ಲ ನಡೆದುಬಂದ ರೂಢಿ. ತಿಕೋಟಾ, ಬಬಲೇಶ್ವರದಂಥ ಊರುಗಳಲ್ಲಿ ಪಾಳುಬಿದ್ದ ಗುಡಿ, ವಾಡೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

ಕಲ್ಲನ್ನು ಒಯ್ಯುವವನಿಗೆ ಅವನದೇ ಸಮರ್ಥನೆಯುಂಟು. ಒಡೆಯನಿಲ್ಲ, ಯಾರಿಗೂ ನಷ್ಟವಿಲ್ಲ, ಬಿದ್ದು ಹಾಳಾಗುವುದಕ್ಕಿಂತ ಉಪಯೋಗಕ್ಕೆ ಬರುವುದು ಲೇಸು. ಮೇಲಾಗಿ ಅದು ಯುದ್ಧಕ್ಕಾಗಿ ಕಟ್ಟಿದ ಗೋಡೆ. ಅಹಿಂಸಕನಿಗೆ ಅದರ ಮೇಲೆ ಏಕೆ ಮಮತೆ?

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವಾಗ ಇಟ್ಟ ವಸ್ತು, ಬಿದ್ದ ವಸ್ತು, ಮರೆತ ವಸ್ತು ಎಂದು ಮೂರನ್ನೂ ಹೆಸರಿಸಿದ್ದಾರೆ. ಒಡೆಯನು ಎದುರಿಗಿದ್ದಾನೆಯೇ ಎಂಬುದು ಅಲ್ಲಿ ಒರೆಗಲ್ಲಲ್ಲ. ವಸ್ತುವು ಕೊಡಲ್ಪಟ್ಟಿದೆಯೇ ಎಂಬುದೇ ಒರೆಗಲ್ಲು. ಗೋಡೆಯ ಕಲ್ಲು ಒಂದು ಕಾಲಕ್ಕೆ ಇಟ್ಟದ್ದು, ಬಳಿಕ ಬಿದ್ದದ್ದು, ಕೊನೆಗೆ ಮರೆತದ್ದು. ಎಲ್ಲರಿಗೂ ಮುಕ್ತವಾದ ನೀರು, ಮಣ್ಣುಗಳಿಗೆ ಗೃಹಸ್ಥನಿಗೆ ವಿನಾಯಿತಿಯಿದೆ, ನಿಜ. ಆದರೆ ಕಲ್ಲುಕುಟಿಗನ ಉಳಿಯ ಗುರುತು ಹೊತ್ತು ಚೌಕಗೊಂಡ ಕಲ್ಲು ಬರಿಯ ಮಣ್ಣಲ್ಲ. ಅದರಲ್ಲಿ ಒಬ್ಬನ ದುಡಿಮೆಯೂ ಒಂದು ನಾಡಿನ ನೆನಪೂ ಅಡಗಿವೆ.

ಹಿಂದಿನವರೂ ಹೀಗೆಯೇ ಮಾಡಿದರಲ್ಲವೇ ಎಂಬ ಮಾತು ಬರಬಹುದು. ಅರಕಿಲ್ಲೆಯೊಳಗಿನ, 1320ರ ಕರೀಮುದ್ದೀನ್ ಮಸೀದಿಯಲ್ಲಿ ಹಳೆಯ ದೇವಾಲಯದ ಕಂಬಗಳಿವೆ. ಗೆದ್ದವರು ಸೋತವರ ಕಲ್ಲನ್ನು ಬಳಸಿಕೊಂಡದ್ದು ಅನೇಕ ರಾಜವಂಶಗಳ ಚರಿತ್ರೆಯಲ್ಲಿದೆ. ಆದರೆ ಅನ್ಯರ ದೋಷವು ತನ್ನ ವ್ರತಕ್ಕೆ ರಜೆ ಕೊಡುವುದಿಲ್ಲ. ಬಾವಿಕಟ್ಟೆಯಲ್ಲಿ, ಹೊಲದ ಬದುವಿನಲ್ಲಿ ಭಗ್ನ ಜಿನಬಿಂಬವನ್ನು ಕಂಡ ಶ್ರಾವಕನ ಮನಸ್ಸು ನೋಯುತ್ತದೆ. ಆ ನೋವು ನ್ಯಾಯವಾದುದಾದರೆ, ಅನ್ಯರ ಗೋಡೆಯ ಕಲ್ಲಿನ ವಿಷಯದಲ್ಲಿಯೂ ಅದೇ ನ್ಯಾಯ ಸಲ್ಲಬೇಕು.

ಪ್ರಶ್ನೆ ಕಠಿಣವಾಗುವುದು ಧರ್ಮಕಾರ್ಯದ ಸಂದರ್ಭದಲ್ಲಿ. ಬಸದಿಯ ಪ್ರಾಕಾರಕ್ಕೆ ಹಳೆಯ ಕಲ್ಲು ಅಗ್ಗದಲ್ಲಿ ದೊರೆಯುತ್ತದೆಂದು ಗುತ್ತಿಗೆದಾರನು ಹೇಳಿದಾಗ ಟ್ರಸ್ಟಿನ ಸಭೆ ಏನು ಮಾಡಬೇಕು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ, ಕದ್ದು ತಂದದ್ದನ್ನು ಕೊಳ್ಳುವುದನ್ನೂ ರಾಜ್ಯದ ಕಟ್ಟಳೆಯನ್ನು ಮೀರುವುದನ್ನೂ ಸೇರಿಸಿದ್ದಾರೆ. ಈ ಗೋಡೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಸಂರಕ್ಷಿತ ಸ್ಮಾರಕದ ಭಾಗವನ್ನು ಕಿತ್ತೊಯ್ಯುವುದು 1958ರ ಕಾಯಿದೆಯಂತೆ ಅಪರಾಧ. ಆದ್ದರಿಂದ ಮೂಲ ತಿಳಿಯದ ಕಲ್ಲನ್ನು ಕೊಂಡು ಉಳಿಸಿದ ಹಣವು ಉಳಿತಾಯವಲ್ಲ. ಜಮಾ ಬದಿಯಲ್ಲಿ ಪುಣ್ಯವೆಂದು ಬರೆದರೂ ಅದು ಸಾಲದ ಬಾಬ್ತೇ. ಕಲ್ಲು ಎಲ್ಲಿಂದ ಬಂತೆಂದು ಒಂದು ಮಾತು ಕೇಳುವುದು, ಉತ್ತರ ದೊರೆಯದಿದ್ದರೆ ಹೆಚ್ಚಿನ ಬೆಲೆ ತೆತ್ತು ಗಣಿಯ ಕಲ್ಲನ್ನು ತರಿಸುವುದು ಟ್ರಸ್ಟಿಗೆ ಅಸಾಧ್ಯವೇನಲ್ಲ.

ಯುದ್ಧಕ್ಕಾಗಿ ಎದ್ದ ಗೋಡೆ ಇಂದು ಯಾರನ್ನೂ ತಡೆಯುವುದಿಲ್ಲ. ತಡೆಯಬೇಕಾದುದು ಇಂದು ಮನಸ್ಸಿನ ಲೋಭವನ್ನು. ಕಂದಕದ ಅಂಚಿನಲ್ಲಿ ಬಿದ್ದ ಕಲ್ಲನ್ನು ಕಂಡೂ ಮುಟ್ಟದೆ ಮುಂದೆ ನಡೆದವನು, ಯಾರೂ ನೋಡದಿದ್ದರೂ, ತನ್ನ ಪಾಲಿಗೆ ಬಂದ ಗೋಡೆಯ ಭಾಗವನ್ನು ಭದ್ರಪಡಿಸಿದವನೇ ಸರಿ.