ಪಾರಣೆಯ ತಾಟು ಮತ್ತು ಹೊಲದ ಹಿಂಸೆ



ಕರ್ಮಭೂಮಿಯ ಆದಿಯಲ್ಲಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟು ಶರಣು ಬಂದಾಗ ಭಗವಾನ್ ಆದಿನಾಥರು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರೆಂಬುದು ನಮ್ಮ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಪ್ರಥಮ ತೀರ್ಥಂಕರರೇ ಕಲಿಸಿದ ಕೃಷಿಯು ಶ್ರಾವಕನಿಗೆ ಹೇಯವಾದ ವೃತ್ತಿಯಾಗಲಾರದು. ನೇಗಿಲ ಮೊನೆಗೆ ಸಿಕ್ಕಿ ಜೀವಿಗಳು ಅಳಿಯುವುದುಂಟು. ಅದನ್ನು ಉದ್ಯೋಗಿ ಹಿಂಸೆಯೆಂದು ಕರೆದು, ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರನೆಂದು ಹಿರಿಯರು ಒಪ್ಪಿರುವರು. ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವ ಸೂರಿಗಳು ಈ ವಿಷಯದಲ್ಲಿ ರೈತನನ್ನೂ ಬೆಸ್ತನನ್ನೂ ಎದುರೆದುರು ನಿಲ್ಲಿಸಿದ್ದಾರೆ. ಬಲೆಗೆ ಒಂದು ಮೀನೂ ಬೀಳದಿದ್ದರೂ ಬೆಸ್ತನು ಪಾಪಕ್ಕೆ ಭಾಗಿ. ಉಳುವಾಗ ಜೀವಿಗಳು ಸತ್ತರೂ ರೈತನು ಅಂತಹ ಪಾಪಕ್ಕೆ ಭಾಗಿಯಲ್ಲ. ಒಬ್ಬನದು ಕೊಲ್ಲುವ ಸಂಕಲ್ಪ, ಇನ್ನೊಬ್ಬನದು ಬೆಳೆಯುವ ಸಂಕಲ್ಪ.

ಈ ದೃಷ್ಟಾಂತವನ್ನು ಬಸದಿಯ ಸ್ವಾಧ್ಯಾಯದಲ್ಲಿ ನಾನು ಎಷ್ಟೋ ಸಲ ವಿವರಿಸಿದ್ದೇನೆ. ಅದರ ಅರ್ಥ ನನಗೆ ತಿಳಿದಿದೆಯೆಂದೇ ಭಾವಿಸಿದ್ದೆ. ಆ ಭಾವನೆಯನ್ನು ಅಲುಗಿಸಿದವಳು ಸಂತೆಯ ಒಬ್ಬ ಹೆಣ್ಣುಮಗಳು.

ಕೆಲವು ವರ್ಷಗಳ ಹಿಂದಿನ ಮಾತು. ದಶಲಕ್ಷಣ ಪರ್ವದ ಕೊನೆಯಲ್ಲಿ, ಅನಂತ ಚತುರ್ದಶಿಯ ಉಪವಾಸದ ದಿನ, ಮರುದಿನದ ಪಾರಣೆಗಾಗಿ ಕಾಯಿಪಲ್ಲೆ ತರಲು ಸಂಜೆ ಸಂತೆಗೆ ಹೋಗಿದ್ದೆನು. ಬೆಂಡೆಕಾಯಿಯ ರಾಶಿಯಿಂದ ಒಂದೊಂದನ್ನೇ ಎತ್ತಿ ನೋಡಿ, ಕಲೆ ಬಿದ್ದುದನ್ನೂ ತೂತು ಇದ್ದುದನ್ನೂ ಬದಿಗೆ ಸರಿಸುತ್ತಿದ್ದೆನು. ವ್ರತಿಯಾದವನು ಹುಳುವಿರುವ ಕಾಯಿಯನ್ನು ಮನೆಗೆ ಒಯ್ಯಬಾರದೆಂಬುದು ನನ್ನ ಎಣಿಕೆ. ತನ್ನ ಹೊಲದ ಕಾಯಿಯನ್ನು ತಾನೇ ತಂದು ಮಾರುತ್ತಿದ್ದ ಆಕೆ ಬಹಳ ಹೊತ್ತು ನೋಡಿ, “ಹುಳ ಇಲ್ಲದ ಕಾಯಿ ಬೇಕಂದ್ರ ಎಣ್ಣಿ ಹೊಡೀಬೇಕಾಗ್ತದ್ರಿ ಮಾಸ್ತರ. ನೀವು ಆರಿಸಿ ಬಿಟ್ಟದ್ದನ್ನ ಯಾರೂ ಒಯ್ಯೂದಿಲ್ಲ” ಎಂದಳು. ಎಣ್ಣೆಯೆಂದರೆ ನಮ್ಮ ಕಡೆ ಕೀಟನಾಶಕ ವಿಷ. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ; ಲೆಕ್ಕವಿತ್ತು.

ಆ ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಆ ಲೆಕ್ಕವೇ ಕಣ್ಣಮುಂದೆ ನಿಂತಿತು. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯೆಂಬುದನ್ನು ಬಾಲಪಾಠದಲ್ಲೇ ಕಲಿಯುತ್ತೇವೆ. ವಿಷವನ್ನು ಸಿಂಪಡಿಸಿದವನು ಕೃತಕ್ಕೆ ಭಾಗಿಯಾದರೆ, ಕಲೆಯಿಲ್ಲದ ಕಾಯಿಯೇ ಬೇಕೆಂದು ಹಟ ಹಿಡಿದ ನಾನು ಯಾವುದಕ್ಕೆ ಭಾಗಿ? ನನ್ನ ತಾಟಿನ ಶುದ್ಧಿಗಾಗಿ ಹೊಲದಲ್ಲಿ ಜೀವಿಗಳು ಸಾಯಬೇಕಾದರೆ ಅದು ಎಂತಹ ಶುದ್ಧಿ? ಹೂಕೋಸಿನಲ್ಲಿ ಬೇರ್ಪಡಿಸಲಾಗದ ಹುಳುಗಳಿರುವುದರಿಂದ ಅದು ವರ್ಜ್ಯವೆಂದು ಹಿರಿಯರು ಬಿಟ್ಟರು. ಈಗಿನ ತರುಣರು ‘ಪೇಟೆಯ ಹೂಕೋಸಿನಲ್ಲಿ ಹುಳುವೇ ಇಲ್ಲವಲ್ಲ’ ಎನ್ನುತ್ತಾರೆ. ಇಲ್ಲ, ನಿಜ. ಏಕೆ ಇಲ್ಲ ಎಂಬುದನ್ನೂ ಕೇಳಬೇಕಲ್ಲವೇ?

ನನ್ನ ತಪ್ಪನ್ನೂ ಇಲ್ಲಿ ಹೇಳಿಬಿಡುವುದು ಲೇಸು. ಪಿತ್ರಾರ್ಜಿತವಾದ ಮೂರು ಎಕರೆ ಹೊಲದಲ್ಲಿ ಕಡಲೆಗೆ ಕಾಯಿಕೊರಕದ ಬಾಧೆಯಾದಾಗಲೆಲ್ಲ ಆಳನ್ನು ಕಳುಹಿಸಿ ವಿಷ ಹೊಡೆಯಿಸಿದ್ದೇನೆ. ಬೆಳಗ್ಗೆ ಅಭಿಷೇಕ ಮಾಡಿದ ಕೈಯಿಂದ ನಾನು ಡಬ್ಬಿಯನ್ನು ಮುಟ್ಟಲಿಲ್ಲವೆಂಬ ಸಮಾಧಾನ ನನಗಿತ್ತು. ಅದು ಉಳುವವನ ಹಿಂಸೆಯಾಗಿರಲಿಲ್ಲ. ಉಳುವವನಿಗೆ ಜೀವಿಯು ಅರಿಯದೆ ಸಿಗುತ್ತದೆ. ವಿಷ ಹೊಡೆಯಿಸುವವನು ಜೀವಿಯನ್ನು ಹುಡುಕಿಕೊಂಡೇ ಹೋಗುತ್ತಾನೆ. ಸೋಮದೇವರ ದೃಷ್ಟಾಂತದಲ್ಲಿ ನಾನು ರೈತನ ಕಡೆಯಿಂದ ಬೆಸ್ತನ ಕಡೆಗೆ ಸರಿದಿದ್ದೆನು. ಅಷ್ಟೇ ಅಲ್ಲ, ಬೆಸ್ತನ ಬಲೆಯು ಮೀನನ್ನಷ್ಟೇ ಹಿಡಿಯುತ್ತದೆ. ಕಾಯಿಕೊರಕಕ್ಕೆಂದು ಹೊಡೆದ ವಿಷವು ದ್ವೀಂದ್ರಿಯವಾದ ಎರೆಹುಳುವನ್ನೂ, ತ್ರೀಂದ್ರಿಯವಾದ ಇರುವೆಯನ್ನೂ, ಚತುರಿಂದ್ರಿಯವಾದ ಜೇನನ್ನೂ, ಪಂಚೇಂದ್ರಿಯಗಳಾದ ಕಪ್ಪೆ ಹಕ್ಕಿಗಳನ್ನೂ ಮುಟ್ಟುತ್ತದೆ.

ಮನುಷ್ಯನನ್ನೂ ಅದು ಬಿಡಲಿಲ್ಲ. ಗೇರುತೋಪುಗಳ ಒಂದು ಸಣ್ಣ ಕೀಟವನ್ನು ಕೊಲ್ಲಲೆಂದು ಕಾಸರಗೋಡಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ನಮ್ಮ ವೇಣೂರು, ಧರ್ಮಸ್ಥಳಗಳಿರುವ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಅದೇ ಆಯಿತು. ಅಂಗವೈಕಲ್ಯ, ಬುದ್ಧಿಮಾಂದ್ಯಗಳಿಂದ ಬಳಲುವ ಮಕ್ಕಳನ್ನು ಆ ಊರುಗಳ ತಾಯಂದಿರು ಇಂದಿಗೂ ಎತ್ತಿ ಆಡಿಸುತ್ತಿದ್ದಾರೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ಆ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ವಿಷ, ಶಸ್ತ್ರ ಮುಂತಾದ ಕೊಲೆಯ ಸಾಧನಗಳನ್ನು ಪರರಿಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವೆಂಬ ಅನರ್ಥದಂಡವಾಗಿ ಎಣಿಸಿದ್ದಾರೆ. ಕೀಟನಾಶಕದ ಅಂಗಡಿಯಿಟ್ಟ ನಮ್ಮ ಬಂಧುಗಳು ಈ ಮಾತನ್ನು ಏಕಾಂತದಲ್ಲಿ ವಿಚಾರಿಸಬೇಕು.

ಹಾಗಾದರೆ ಸಾವಯವವೆಂಬ ಮುದ್ರೆಯಿರುವ ಧಾನ್ಯವನ್ನು ಕೊಂಡರೆ ಸಾಕೇ? ಅಷ್ಟು ಸುಲಭವಲ್ಲ. 2001ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮಗಳು ಕೃತಕ ರಾಸಾಯನಿಕಗಳನ್ನು ದೂರವಿಡುತ್ತವೆ. ಅಹಿಂಸೆಯನ್ನು ಅಳೆಯುವುದು ಅವುಗಳ ಕೆಲಸವಲ್ಲ. ಮೂಳೆಪುಡಿ, ರಕ್ತದ ಪುಡಿ, ಮೀನಿನ ಗೊಬ್ಬರಗಳಿಗೆ ಅಲ್ಲಿ ಷರತ್ತಿನೊಡನೆ ಅವಕಾಶವಿದೆ. ಬೇವಿನ ಬೀಜದ ಕಷಾಯವು ಹುಳುವಿನ ಹಸಿವನ್ನು ಕೆಡಿಸಿ, ಪೊರೆ ಬಿಡುವುದನ್ನು ತಡೆಯುತ್ತದೆ. ಹುಳುವು ನಿಧಾನವಾಗಿ ಸಾಯುತ್ತದೆ. ಹೊಲದಲ್ಲಿ ಕವಲುಕೋಲು ನೆಟ್ಟರೆ ಹಕ್ಕಿಗಳು ಕುಳಿತು ಹುಳುಗಳನ್ನು ಆರಿಸುತ್ತವೆ. ಕೋಲು ನೆಟ್ಟವರು ನಾವೇ. ಹಿಂಸೆಯಿಲ್ಲದ ಬೆಳೆಯಿದೆಯೆಂದು ಯಾರೂ ತಮ್ಮನ್ನು ವಂಚಿಸಿಕೊಳ್ಳಬಾರದು. ಆದರೆ ಅಲ್ಪಕ್ಕೂ ಬಹುವಿಗೂ ಅಂತರವಿದೆ. ಅಣುವ್ರತವು ನಿಂತಿರುವುದೇ ಆ ಅಂತರದ ಮೇಲೆ.

ರಾಸಾಯನಿಕವನ್ನು ಬಳಸುವ ರೈತನನ್ನು ಹಳಿಯುವುದೂ ನನ್ನ ಉದ್ದೇಶವಲ್ಲ. 2021ರಲ್ಲಿ ಶ್ರೀಲಂಕೆಯ ಸರಕಾರವು ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ನಿಷೇಧಿಸಿದಾಗ ಬತ್ತದ ಬೆಳೆ ಕುಸಿದು, ಅದೇ ವರ್ಷದ ಕೊನೆಗೆ ಆಜ್ಞೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ಹಸಿದವನ ತುತ್ತನ್ನು ಕಸಿಯುವುದೂ ಹಿಂಸೆಯೇ. ಅನೇಕಾಂತವನ್ನು ನಂಬಿದವರು ಇದನ್ನು ಮರೆಯಲಾಗದು. ತ್ಯಾಗವು ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂದೇ ಹನ್ನೊಂದು ಪ್ರತಿಮೆಗಳು ಹೇಳಲ್ಪಟ್ಟಿವೆ.

ಕಾಲಮಿತಿಯಿರುವ ತ್ಯಾಗವು ನಿಯಮ, ಬಾಳಿನುದ್ದದ ತ್ಯಾಗವು ಯಮ. ಯಮಕ್ಕೆ ಶಕ್ತಿಯಿಲ್ಲದವರು ಬರುವ ಚಾತುರ್ಮಾಸದ ನಾಲ್ಕು ತಿಂಗಳಿಗಾದರೂ ಒಂದು ನಿಯಮವನ್ನು ಕೈಗೊಳ್ಳಬಹುದು. ಕಲೆ ಬಿದ್ದ ಕಾಯಿಯನ್ನು ಸಂತೆಯಲ್ಲಿ ಬದಿಗೆ ಸರಿಸದೆ ಕೊಳ್ಳುವುದು. ಅದನ್ನು ಹಾಗೆಯೇ ಬೇಯಿಸಿರೆಂದು ನಾನು ಹೇಳುತ್ತಿಲ್ಲ. ಹಗಲ ಬೆಳಕಿನಲ್ಲಿ ಸೀಳಿ ಶೋಧಿಸಿ, ಹುಳುವಿದ್ದರೆ ಆ ತುಂಡಿನೊಡನೆಯೇ ನೆರಳಿನಲ್ಲಿರಿಸುವುದು ನಮ್ಮ ತಾಯಂದಿರು ನಡೆಸಿಕೊಂಡು ಬಂದ ಯತ್ನಾಚಾರ. ವಿಷವಿಲ್ಲದೆ ಬೆಳೆವ ರೈತನೊಬ್ಬನನ್ನು ಗೊತ್ತುಮಾಡಿಕೊಂಡು, ಗೊಬ್ಬರವೇನೆಂದು ಕೇಳಿ, ಅವನ ನಷ್ಟವೂ ತುಂಬುವಂತೆ ಬೆಲೆ ಕೊಡುವುದು. ಹೊಲವುಳ್ಳವರು ಮನೆಯ ಊಟಕ್ಕಾಗುವಷ್ಟು ನೆಲವನ್ನಾದರೂ ವಿಷಮುಕ್ತವಾಗಿಡುವುದು. ನನ್ನ ಮೂರು ಎಕರೆಯಲ್ಲಿ ಈಗ ಒಂದು ಎಕರೆ ಹಾಗಿದೆ. ಕಡಲೆ ಕಡಿಮೆ ಬರುತ್ತದೆ. ಉಳಿದ ಎರಡು ಎಕರೆಗಳ ಚಿಂತೆ ನನ್ನನ್ನು ಬಿಟ್ಟಿಲ್ಲ.

ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ಸಕಲ ಜೀವಿಗಳಲ್ಲಿ ಕ್ಷಮೆ ಬೇಡುತ್ತೇವೆ. ನೆರೆಯವರು ಕೈಮುಗಿದು ಉತ್ತರ ಕೊಡುತ್ತಾರೆ. ಹೊಲದ ಹುಳು ಉತ್ತರ ಕೊಡಲಾರದು. ಅದರ ಪಾಲಿಗೆ ನಾವು ಬೇಡಬಹುದಾದ ಕ್ಷಮೆಯೆಂದರೆ ಮುಂದಿನ ಸಂತೆಯಲ್ಲಿ ನಮ್ಮ ಕೈ ಯಾವ ಕಾಯಿಯನ್ನು ಎತ್ತಿಕೊಳ್ಳುತ್ತದೆ ಎಂಬುದೇ ಆಗಿದೆ.

ಜೈ ಜಿನೇಂದ್ರ.