ಮೈದನಹಳ್ಳಿಯ ಎಣಿಕೆ

ಮಧುಗಿರಿ ತಾಲ್ಲೂಕಿನ ಈಶಾನ್ಯದ ಮೂಲೆಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡು, 798 ಎಕರೆಯ ಒಂದು ಬಯಲಿದೆ. ಒಂದಷ್ಟು ನೀಲಗಿರಿ ನೆಡುತೋಪು, ಉಳಿದಂತೆ ಹುಲ್ಲು. ಮೈದನಹಳ್ಳಿಯ ಈ ನೆಲವನ್ನು 2007ರಲ್ಲಿ ಸರ್ಕಾರ ಕೃಷ್ಣಮೃಗಗಳಿಗಾಗಿ ಮೀಸಲಿಟ್ಟು, ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಜಯಮಂಗಲಿ ನದಿಯ ಹೆಸರನ್ನಿಟ್ಟಿತು. ಅಲ್ಲಿಗೆ ಹೋಗಿ ಬಂದವರನ್ನು ನಮ್ಮ ಕಡೆ ಜನ ಮೊದಲು ಕೇಳುವುದು, ‘ಎಷ್ಟು ಕಂಡವು?’ ಆಮೇಲೆ, ‘ಒಟ್ಟು ಎಷ್ಟವೆ?’ ಒಂದೇ ಉಸಿರಿನಲ್ಲಿ ಬರುವ ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೊಡ್ಡ ಬಯಲಿದೆ ಎಂಬುದು ನನ್ನನ್ನು ಬಹಳ ಕಾಲದಿಂದ ಹಿಡಿದು ನಿಲ್ಲಿಸಿದೆ.

ಹುಲ್ಲು ಒಣಗಿದ ಕಾಲದಲ್ಲಿ ಹೋಗಿ ನೋಡಿ. ಮೊದಲು ಕಣ್ಣಿಗೆ ಬೀಳುವುದು ಗಂಡು. ಕಪ್ಪು ಮೈ, ಬಿಳಿ ಹೊಟ್ಟೆ, ತಿರುಪು ತಿರುಪಾದ ಕೊಂಬು. ತನ್ನದೆಂದು ಹಿಡಿದ ತುಂಡು ನೆಲದಲ್ಲಿ, ಹಿಕ್ಕೆ ಗುಡ್ಡೆ ಹಾಕಿ ಗುರುತಿಟ್ಟುಕೊಂಡು, ಎಲ್ಲರಿಗೂ ಕಾಣಲೆಂದೇ ಅದು ನಿಂತಿರುತ್ತದೆ. ಹೆಣ್ಣುಗಳ ಮೈಬಣ್ಣ ಒಣಹುಲ್ಲಿನದೇ. ತಲೆ ತಗ್ಗಿಸಿ ಮೇಯುತ್ತಿದ್ದರೆ ದೂರದಿಂದ ಇಲ್ಲವೆಂದೇ ಲೆಕ್ಕ. ಇನ್ನು ಆಗತಾನೆ ಹುಟ್ಟಿದ ಮರಿ. ತಾಯಿ ಅದನ್ನು ಹುಲ್ಲಿನಲ್ಲಿ ಮಲಗಿಸಿ ತಾನು ದೂರ ಹೋಗಿ ಮೇಯುತ್ತದೆ. ತೋಳದ ಕಣ್ಣಿಗೂ ಬೀಳದಿರಲೆಂದು ಅಲುಗದೆ ಮಲಗುವ ಆ ಜೀವ ಗಣತಿಯವರ ಕಣ್ಣಿಗೆ ಬಿದ್ದೀತೆ? ಹಿಂಡು ಹೆಚ್ಚುತ್ತಿದೆಯೋ ಇಲ್ಲವೋ ಎಂದು ಹೇಳಬೇಕಾದ ಮರಿಯೇ ಲೆಕ್ಕದಿಂದ ತಪ್ಪಿಸಿಕೊಳ್ಳುವುದರಲ್ಲಿ ಎಲ್ಲಕ್ಕಿಂತ ನಿಪುಣ.

ಶಿರಾ, ಪಾವಗಡ ಸೀಮೆಯ ಕುರಿಗಾಹಿ ಸಂಜೆ ರೊಪ್ಪದ ಬಾಗಿಲಲ್ಲಿ ನಿಂತರೆ ಕುರಿಗಳು ಒಂದೊಂದಾಗಿ ಒಳಗೆ ನುಗ್ಗುತ್ತವೆ. ಒಂದು ಕಡಿಮೆಯಾದರೆ ಯಾವುದು ಎಂದೂ ಅವನಿಗೆ ಗೊತ್ತು. ಕೃಷ್ಣಮೃಗಕ್ಕೆ ರೊಪ್ಪವಿಲ್ಲ. 798 ಎಕರೆ ಎಂಬುದು ನಾವು ಕಾಗದದಲ್ಲಿ ಎಳೆದ ಗೆರೆ. ಅವು ಬೆಳಗ್ಗೆ ಗೆರೆಯೊಳಗಿದ್ದು ಸಂಜೆ ಕಡಲೆಕಾಯಿ ಹೊಲದಲ್ಲಿರುತ್ತವೆ. ರಾಜ್ಯದ ಗಡಿಯೂ ಅವುಗಳ ಕಾಲಿಗೆ ತಗಲುವುದಿಲ್ಲ.

ಹಾಗಾದರೆ ಎಣಿಸುವುದು ಹೇಗೆ? ಇಲ್ಲಿ ನನಗೆ ಪ್ರಾಣಿಯಷ್ಟೇ ಅಚ್ಚರಿ ಹುಟ್ಟಿಸುವ ಒಂದು ವಿದ್ಯೆ ಇದೆ. ಬಯಲಿನಲ್ಲಿ ನೇರ ಗೆರೆಗಳನ್ನು ಗೊತ್ತುಮಾಡಿಕೊಂಡು ಅವುಗಳ ಮೇಲೆ ನಡೆಯುತ್ತಾರೆ. ಪ್ರಾಣಿ ಕಂಡಾಗ ಎಷ್ಟು ಕಂಡವು ಎಂದಷ್ಟೇ ಅಲ್ಲ, ಗೆರೆಯಿಂದ ಎಷ್ಟು ದೂರದಲ್ಲಿ ಕಂಡವು ಎಂದೂ ಬರೆದುಕೊಳ್ಳುತ್ತಾರೆ. ಗೆರೆಯ ಮೇಲೇ ಇದ್ದದ್ದು ತಪ್ಪದೆ ಕಾಣುತ್ತದೆ ಎಂದಿಟ್ಟುಕೊಳ್ಳಿ. ದೂರ ಹೋದಂತೆ ಕಂಡವುಗಳ ಸಂಖ್ಯೆ ಇಳಿಯುತ್ತದೆ. ಇಳಿದದ್ದು ಪ್ರಾಣಿಗಳಲ್ಲ, ನಮ್ಮ ನೋಟ. ಗೆರೆಗಳನ್ನು ಪ್ರಾಣಿಗಳ ಇರವನ್ನು ನೋಡಿ ಆರಿಸಿಲ್ಲವಾದ್ದರಿಂದ, ದೂರದಲ್ಲೂ ಅವು ಸರಿಸುಮಾರು ಅಷ್ಟೇ ಇರಬೇಕು. ಆದ್ದರಿಂದ ನೋಟ ಇಳಿದ ರೀತಿಯನ್ನೇ ಅಳೆದರೆ, ಕಾಣದೆ ಉಳಿದವು ಎಷ್ಟು ಎಂಬ ಅಂದಾಜು ಸಿಗುತ್ತದೆ. ತನಗೆ ಎಷ್ಟು ಕಾಣುವುದಿಲ್ಲ ಎಂಬುದನ್ನು ಕಣ್ಣು ತಾನೇ ಲೆಕ್ಕ ಹಾಕುತ್ತದೆ! ಇದನ್ನು ಮೊದಲು ಅರ್ಥಮಾಡಿಕೊಂಡ ದಿನ ನನಗೆ ಆದ ಸಂತೋಷ ಚಿಕ್ಕದಲ್ಲ.

ಈ ವಿದ್ಯೆ ಕೊಡುವ ಉತ್ತರ ಒಂಟಿ ಸಂಖ್ಯೆಯಲ್ಲ. ‘ಇಷ್ಟರಿಂದ ಇಷ್ಟರ ನಡುವೆ’ ಎಂದು ಅದು ಹೇಳುತ್ತದೆ. ವರದಿಯಿಂದ ಪತ್ರಿಕೆಗೆ ಬರುವ ಹೊತ್ತಿಗೆ ಆ ‘ನಡುವೆ’ ಉದುರಿಹೋಗಿ ಒಂದೇ ಅಂಕಿ ಉಳಿಯುತ್ತದೆ. ದೇಶದ ಕೃಷ್ಣಮೃಗಗಳ ಬಗ್ಗೆ ಬರವಣಿಗೆಯಿಂದ ಬರವಣಿಗೆಗೆ ಸಾಗಿಬಂದ ಲೆಕ್ಕವನ್ನೇ ನೋಡಿ: 1947ರಲ್ಲಿ 80,000, 1964ರಲ್ಲಿ 8,000. ಬೇಟೆಯಿಂದ ಅವು ನಾಶದಂಚಿಗೆ ಬಂದದ್ದು ನಿಜ. 1972ರ ವನ್ಯಜೀವಿ ಕಾಯ್ದೆಯ ಕಾವಲಲ್ಲಿ ಚೇತರಿಸಿಕೊಂಡದ್ದೂ ನಿಜ. ಆದರೆ ಸರಿಯಾಗಿ ಹತ್ತರಲ್ಲೊಂದು ಪಾಲು! ಇಷ್ಟು ದುಂಡಾದ ಅಂಕಿಯನ್ನು ಬಯಲು ಕೊಡುವುದಿಲ್ಲ, ಮನುಷ್ಯನ ಅಂದಾಜು ಕೊಡುತ್ತದೆ. ಕುಸಿತದ ದಿಕ್ಕನ್ನು ನಾನು ನಂಬುತ್ತೇನೆ, ಅಂಕಿಯನ್ನು ಕೈಯಲ್ಲಿ ಹಿಡಿದು ವಾದಿಸಲಾರೆ.

ಹುಲಿಯ ವಿಷಯದಲ್ಲಿ ಈ ಪಾಠಕ್ಕೆ ದೇಶ ದುಬಾರಿ ಬೆಲೆ ತೆತ್ತಿತು. ಹೆಜ್ಜೆಗುರುತು ಎಣಿಸುತ್ತಿದ್ದ ಕಾಲದಲ್ಲಿ, 2004ರಲ್ಲಿ ಕೂಡ, ರಾಜಸ್ಥಾನದ ಸರಿಸ್ಕಾದ ಕಡತಗಳಲ್ಲಿ ಹುಲಿಗಳಿದ್ದವು. ಮರುವರ್ಷ ಹುಡುಕಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಆ ವಿಧಾನ ನಂಬತಕ್ಕದ್ದಲ್ಲ ಎಂದು ನಮ್ಮ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಅದಕ್ಕೂ ಎಷ್ಟೋ ಮೊದಲಿಂದ ಹೇಳುತ್ತಿದ್ದರು. ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಗಳ ಗುರುತಿನಿಂದ ಒಂದೊಂದು ಹುಲಿಯನ್ನೂ ಬೇರೆ ಮಾಡಿ ತೋರಿಸಿದ್ದರು. ದೇಶದ ಎಣಿಕೆ ಬದಲಾದಾಗ 2002ರ 3,642 ಎಂಬ ಅಂಕಿ 2006ರಲ್ಲಿ 1,411ಕ್ಕೆ ಬಂತು. ಒಂದರಿಂದ ಇನ್ನೊಂದನ್ನು ಕಳೆದು ಇಷ್ಟು ಸತ್ತವು ಎನ್ನಲಾಗದು. ಅಳತೆಗೋಲೇ ಬೇರೆಯಾಗಿತ್ತು.

ಮೋಸದ ಲೆಕ್ಕ ಇನ್ನೂ ಕ್ರೂರ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಸೋವಿಯತ್ ಹಡಗುಗಳು ದಕ್ಷಿಣ ಗೋಳಾರ್ಧದಲ್ಲಿ 48,000ಕ್ಕೂ ಹೆಚ್ಚು ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ತಿಮಿಂಗಿಲ ಬೇಟೆಯ ಅಂತರರಾಷ್ಟ್ರೀಯ ಆಯೋಗಕ್ಕೆ ಒಪ್ಪಿಸಿದ ಲೆಕ್ಕ 2,710. ಎಷ್ಟು ಹಿಡಿಯಬಹುದು ಎಂದು ಲೋಕ ತೀರ್ಮಾನಿಸುತ್ತಿದ್ದದ್ದು ಇಂಥ ಅಂಕಿಗಳ ಮೇಲೆ. ಆ ಹಡಗುಗಳಲ್ಲಿ ದುಡಿದ ಕೆಲವು ಜೀವವಿಜ್ಞಾನಿಗಳು ನಿಜವಾದ ದಾಖಲೆಗಳನ್ನು ಗುಟ್ಟಾಗಿ ಉಳಿಸಿಕೊಂಡಿದ್ದರು. 1993ರಲ್ಲಿ ರಷ್ಯಾದ ಜೀವವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್ ಸತ್ಯವನ್ನು ಬಹಿರಂಗಪಡಿಸಿದ ಮೇಲೆ ಅವು ಬೆಳಕಿಗೆ ಬಂದವು. ಯಾರು ಓದುತ್ತಾರೆಂದು ತಿಳಿಯದೆ, ಅಪಾಯವನ್ನು ಹೊತ್ತು, ಸತ್ತ ತಿಮಿಂಗಿಲಗಳ ಪಟ್ಟಿಯನ್ನು ಕಾಪಾಡಿಕೊಂಡ ಆ ಜನರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಬ್ರೆಜಿಲ್ ಕರಾವಳಿಗೆ ಮರಿಹಾಕಲು ಬರುವ ಗೂನುಬೆನ್ನಿನ ತಿಮಿಂಗಿಲಗಳು ಒಂದು ಕಾಲಕ್ಕೆ ಸುಮಾರು 450ಕ್ಕೆ ಇಳಿದಿದ್ದು, ಈಗ 25,000ದ ಆಸುಪಾಸಿಗೆ ಏರಿವೆ ಎಂದು 2019ರಲ್ಲಿ ಅಂದಾಜು ಮಾಡಿದರು. ಕಡಲಿನಲ್ಲಿ ಕುಳಿತು 450 ಎಣಿಸಿದವರು ಯಾರೂ ಇಲ್ಲ. ಇಂದು ಕಂಡವುಗಳನ್ನೂ ಅಂದು ಕೊಂದವುಗಳ ದಾಖಲೆಯನ್ನೂ ಕೂಡಿಸಿ, ಹಿಂದಕ್ಕೆ ಲೆಕ್ಕ ಹಾಕಿ ಕಂಡುಕೊಂಡ ಸಂಖ್ಯೆ ಅದು. ಕೊಂದ ಲೆಕ್ಕ ಸುಳ್ಳಾಗಿದ್ದರೆ ಬದುಕಿಬಂದ ಲೆಕ್ಕವೂ ಸುಳ್ಳಾಗುತ್ತಿತ್ತು.

ನಮ್ಮಲ್ಲೇ, ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ, ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರೇ ಅವಕ್ಕೆ ಕಾವಲು. ಅಲ್ಲಿ ಎಣಿಕೆ ಸುಲಭ, ರಸ್ತೆಯಲ್ಲಿ ನಿಂತು ಗೂಡು ಲೆಕ್ಕ ಹಾಕಬಹುದು. ಆದರೂ ಒಂದು ವರ್ಷ ಗೂಡು ಕಡಿಮೆಯಾದರೆ ಹಕ್ಕಿ ಸತ್ತವೆಂದಲ್ಲ. ಕೆರೆ ಬತ್ತಿ ಬೇರೆಡೆ ಹೋಗಿರಬಹುದು. ಮಳೆಯ ಲೆಕ್ಕವಿಲ್ಲದೆ ಗೂಡಿನ ಲೆಕ್ಕಕ್ಕೆ ಅರ್ಥವಿಲ್ಲ.

ಮೈದನಹಳ್ಳಿಯ ಸುತ್ತಿನ ರೈತರದ್ದು ಇನ್ನೊಂದು ಎಣಿಕೆ. ‘ಸಾವಿರಾರು ಅವೆ ಸ್ವಾಮಿ, ಕಡಲೆಕಾಯಿ ಗಿಡ ಒಂದೂ ಉಳಿಸಲ್ಲ’ ಎನ್ನುವ ಮಾತನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ತಳ್ಳಿಹಾಕಲಾರೆ. ಒಂದೇ ಹಿಂಡು ಐದು ಹೊಲ ಹೊಕ್ಕರೆ ಐದು ಮನೆಯವರು ಒಂದೊಂದು ಹಿಂಡು ಕಂಡಿರುತ್ತಾರೆ, ಐದೂ ಮನೆಗೆ ನಷ್ಟವಾಗಿರುತ್ತದೆ. ಅದೇ ಹೊತ್ತಿಗೆ ಗೆರೆಯೊಳಗೆ ನಡೆದ ಗಣತಿಯವರಿಗೆ ಆ ಹಿಂಡು ಕಂಡೇ ಇರುವುದಿಲ್ಲ. ಹೊಲದವರು ಯಾವ ರಾತ್ರಿ, ಯಾವ ಬೆಳೆಯಲ್ಲಿ ಕಂಡರು ಎಂಬುದೂ ಗಣತಿಯ ಪುಸ್ತಕಕ್ಕೆ ಸೇರಬೇಕು ಎಂಬುದು ನನ್ನ ಆಸೆ. ಯಾವ ತಿಂಗಳು, ಎಷ್ಟು ಹೊತ್ತಿಗೆ, ಎಷ್ಟು ಜನ, ಯಾವ ಗೆರೆಯ ಮೇಲೆ ನಡೆದರು, ಹುಲ್ಲು ಎಷ್ಟೆತ್ತರವಿತ್ತು, ಅದೇ ಬೆಳಗ್ಗೆ ಗಡಿಯಾಚೆ ಆಂಧ್ರದ ಹೊಲಗಳಲ್ಲೂ ಯಾರಾದರೂ ಎಣಿಸುತ್ತಿದ್ದರೋ ಇಲ್ಲವೋ ಎಂಬುದನ್ನೆಲ್ಲ ಸಂಖ್ಯೆಯ ಪಕ್ಕದಲ್ಲೇ ಬರೆದಿಡಲಿ.