ತೂಕ ಸರಿ ಇತ್ತು, ಎಣಿಕೆ ಸರಿ ಇತ್ತೇನು?

ನಾನು ಜತ್ತ ತಾಲೂಕಿನ ಒಕ್ಕಲುತನದವ. ಏಳನೇ ಇಯತ್ತೆಗೆ ಸಾಲಿ ಬಿಟ್ಟೆ. ಹಗಲು ಹೊಲ, ರಾತ್ರಿ ಹರದೇಶಿ-ನಾಗೇಶಿ ಹಾಡಿಕಿ. ಹಾಡಿಕಿಯಲ್ಲಿ ಎದುರಿನ ಮೇಳದವರು ಸವಾಲು ಹಾಕತಾರ, ನಾವು ಜವಾಬು ಕೊಡಬೇಕು. ಹೋದ ವರ್ಷ ನನಗ ಸವಾಲು ಹಾಕಿದಾಕಿ ಒಂಬತ್ತನೇ ಇಯತ್ತೆ ಕಲಿಯುವ ನನ್ನ ಮೊಮ್ಮಗಳು. ವಾಚನಾಲಯದವರು ಏನಾರ ಬರೀರಿ ಅಂದದ್ದಕ್ಕ ಅದನ್ನೇ ಬರೀತೀನಿ.

ಆಕಿ ವಿಜ್ಞಾನ ಪುಸ್ತಕ ಹಿಡಿದು ಕೂತಿದ್ದಳು. "ಮುತ್ಯಾ, ಒಂದು ಕಿಲೊ ಜ್ವಾಳದಾಗ ಎಷ್ಟು ಕಾಳು ಅದಾವ, ಎಲ್ಲಾ ಎಣಿಸದೇ ಹೇಳು ನೋಡೂಣು" ಅಂದಳು. "ನೂರು ಕಾಳು ಎಣಿಸಿ ತೂಗತೀನಿ. ಕಿಲೊದಾಗ ಅಂಥಾವು ಎಷ್ಟು ಅನ್ನೂದು ಭಾಗಾಕಾರ" ಅಂದೆ. "ಹಂಗಾದ್ರ ನಿನಗ ಮೋಲ್ ಬಂತು!" ಅಂತ ನಕ್ಕಳು.

ಮೋಲ್ ಅಂದ್ರ ಡಜನ್ ಇದ್ದಂಗ, ಒಂದು ಎಣಿಕೆ. ಡಜನ್ ಅಂದ್ರ 12. ಮೋಲ್ ಅಂದ್ರ ಸುಮಾರು 6 ಬರೆದು ಮುಂದ 23 ಸೊನ್ನೆ. ಅಣು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ. ಅದಕ್ಕ ತೂಗಿ ಎಣಿಸತಾರ. ಹೈಡ್ರೋಜನ್ ಪರಮಾಣುವಿನ ರಾಶಿ 1, ಆಕ್ಸಿಜನ್ನಿನದು 16. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಕೂಡಿದ್ರ ನೀರಿನ ಒಂದು ಅಣು. ಅದರ ಅಣುರಾಶಿ 18. ಹಂಗಾದ್ರ 18 ಗ್ರಾಂ ನೀರು, ಅಂದ್ರ ಒಂದು ಗುಟುಕು, ಒಂದು ಮೋಲ್.

ಮೂಲ್ಯಾಗ ಯೂರಿಯಾ ಚೀಲ ಇತ್ತು. ಅದರ ಲೆಕ್ಕಾನೂ ಆಕಿ ಮಾಡಿದಳು. ಕಾರ್ಬನ್ ಒಂದು, 12. ಆಕ್ಸಿಜನ್ ಒಂದು, 16. ಸಾರಜನಕ ಎರಡು, 28. ಹೈಡ್ರೋಜನ್ ನಾಲ್ಕು, 4. ಕೂಡಿಸಿದ್ರ 60. 45 ಕಿಲೊ ಚೀಲ ಅಂದ್ರ 45,000 ಗ್ರಾಂ, 60ರಿಂದ ಭಾಗಿಸಿದ್ರ 750 ಮೋಲ್. 60ರಾಗ 28 ಸಾರಜನಕ ಅಂದ್ರ ನೂರಕ್ಕ 46ರ ಮ್ಯಾಲ ಸ್ವಲ್ಪ. ಚೀಲದ ಮ್ಯಾಲಿನ 46 ಎಲ್ಲಿಂದ ಬಂತು ಅನ್ನೂದು ಅವತ್ತು ತಿಳೀತು.

ಅಮೋನಿಯಂ ಸಲ್ಫೇಟಿನ ಒಂದು ಮೋಲಿನಾಗೂ ಸಾರಜನಕ ಅಷ್ಟೇ, 28 ಗ್ರಾಂ. ಆದ್ರ ಆ ಮೋಲಿನ ತೂಕ 132 ಗ್ರಾಂ. ಒಂದು ಹೊಲಕ್ಕ ಇದು, ಒಂದು ಹೊಲಕ್ಕ ಅದು, ತೂಗಿ ಸಮ ಹಾಕೀನಿ ಅಂದ್ರ ತಕ್ಕಡಿ ಹೌದು ಅಂತೈತಿ, ಬೆಳಿ ಅಲ್ಲ ಅಂತೈತಿ.

ಈ ಮಾತು ನನ್ನನ್ನ ಚುಚ್ಚಿತು. ನಾನು ಮತ್ತು ನನ್ನ ತಮ್ಮ ಬ್ಯಾರೆ ಆದ ವರ್ಷ ಹಗೇವಿನಿಂದ 16 ಚೀಲ ಜ್ವಾಳ ತೆಗೆದ್ವಿ. ಪಂಚರ ಮುಂದ ತೂಗಿ ಎಂಟು ಅವಗ, ಎಂಟು ನನಗ. ಒಂದು ಹಿಡಿ ಹೆಚ್ಚುಕಮ್ಮಿ ಆಗಲಿಲ್ಲ. ಎಲ್ಲಾರೂ ಧರ್ಮದ ಪಾಲು ಅಂದ್ರು. ನನ್ನ ಮನ್ಯಾಗ ನಾಲ್ಕು ಬಾಯಿ. ತಮ್ಮನ ಮನ್ಯಾಗ ಎಂಟು, ಅದರಾಗ ಒಂದು ನಮ್ಮ ಅವ್ವ. ಆ ಬ್ಯಾಸಗಿಯಲ್ಲಿ ತಮ್ಮನ ಹೆಂಡತಿ ಜ್ವಾಳ ಕಡ ಕೇಳಾಕ ಬಂದಳು. "ಪಾಲು ಸರಿ ಆಗೇತಲ್ಲ" ಅಂತ ಕಳಿಸಿಬಿಟ್ಟೆ.

ಪಾಲು ಬಾಯಿ ಎಣಿಸಿ ಆಗಬೇಕೇನು ಅಂತ ಕೇಳುವವರು ಇದ್ದಾರ. ಆ ಮಾತನ್ನ ತಳ್ಳಿಹಾಕಾಕ ಆಗೂದಿಲ್ಲ. ಇಬ್ಬರೂ ಸಮ ದುಡಿದಿದ್ವಿ, ಸಮ ಪಾಲು ತಪ್ಪಲ್ಲ. ಮತ್ತ ಮನುಷ್ಯಾ ಅಣು ಅಲ್ಲ. ಅವ್ವ ಅರ್ಧ ರೊಟ್ಟಿ ತಿಂತಿದ್ದಳು, ತಮ್ಮನ ಹಿರೀ ಮಗ ನಾಲ್ಕು ತಿಂತಿದ್ದ. ಬಾಯಿ ಎಣಿಸಿದ ಮಾತ್ರಕ್ಕೂ ನ್ಯಾಯ ಮುಗಿಯೂದಿಲ್ಲ. ನಾನು ತೂಗಿದ್ದು ತಪ್ಪಲ್ಲ, ತೂಗಿದ ಮ್ಯಾಲ ಭಾಗಿಸದೇ ಬಿಟ್ಟದ್ದು ತಪ್ಪು. ಎಂಟು ಚೀಲ ನಾಲ್ಕು ಮಂದಿಗೆ ಅಂದ್ರ ತಲಿಗೆ ಎರಡು, ಎಂಟು ಮಂದಿಗೆ ಅಂದ್ರ ಒಂದು. ಈ ಲೆಕ್ಕ ನನಗ ಬರತಿತ್ತು. ಮಾಡಿದ್ರ ಕೊಡಬೇಕಾಗತೈತಿ ಅಂತ ಮಾಡಲಿಲ್ಲ. ಅವ್ವ ಇಬ್ಬರಿಗೂ ಅವ್ವನೇ. ಆಕಿ ಊಟದ ಅರ್ಧ ಭಾರ ನನ್ನದಿತ್ತು, ಅದನ್ನ ನಾನು ತಕ್ಕಡಿಗೆ ಹಾಕಲೇ ಇಲ್ಲ.

ಅವ್ವ ತೀರಿ ಬಹಳ ವರ್ಷ ಆದವು. ಈ ಸುಗ್ಗಿಗೆ ಎರಡು ಚೀಲ ಜ್ವಾಳ ತಮ್ಮನ ಮನಿಗೆ ಒಯ್ದೆ. "ಈಗ ಯಾಕ ಅಣ್ಣಾ, ಹುಡುಗರು ದುಡೀತಾರ" ಅಂದ. ಆದರೂ ಇಳಿಸಿಕೊಂಡ. ಅವನ ಹೆಂಡತಿ ಹೊರಗ ಬರಲಿಲ್ಲ. ಆಕಿದು ತಪ್ಪು ಅಂತ ನಾ ಹೇಳೂದಿಲ್ಲ.

ಮಾಸ್ತರರಿಗೆ, ಬಾಯಾರಿಗೆ ಒಂದು ವಿನಂತಿ. ಮೋಲ್ ಕಲಿಸುವಾಗ, ನಾವು ತೂಗಿದ್ದು ಏನು, ಎಣಿಸಬೇಕಾದದ್ದು ಏನು ಅಂತ ಮಕ್ಕಳನ್ನ ಮೊದಲು ಕೇಳ್ರಿ. ನನಗ ಅದನ್ನ ಸಣ್ಣವಿದ್ದಾಗ ಯಾರಾದರೂ ಕೇಳಿದ್ರ ಚೊಲೊ ಇತ್ತು.